ಬೀಜವನ್ನು ಪರೀಕ್ಷಿಸದೆ ಹೊಲವನ್ನು ದೂರುವುದೇಕೆ?

ಕನ್ನಡದಲ್ಲಿ ‘ಬಂಜೆ’ ಎಂಬ ಶಬ್ದವುಂಟು. ಅದಕ್ಕೆ ಪುಲ್ಲಿಂಗ ರೂಪವು ಬಳಕೆಯಲ್ಲಿಲ್ಲ. ಮಕ್ಕಳಾಗದ ಪುರುಷನನ್ನು ಕುರಿತು ಜನರು ಪಿಸುಮಾತಿನಲ್ಲಿ ಆಡುವ ಒಂದೆರಡು ಪದಗಳು ದಾಂಪತ್ಯಕ್ಕೆ ಅಸಮರ್ಥನಾದವನನ್ನು ಸೂಚಿಸುತ್ತವೆಯೇ ಹೊರತು, ವೀರ್ಯದಲ್ಲಿ ವೀರ್ಯಾಣುಗಳಿಲ್ಲದವನನ್ನು ಸೂಚಿಸುವುದಿಲ್ಲ. ಇವೆರಡೂ ಬೇರೆ ಬೇರೆ ಸಂಗತಿಗಳು. ಹೆಸರೇ ಇಲ್ಲದ ನ್ಯೂನತೆಯನ್ನು ಮನೆಯಲ್ಲಿ ಯಾರು ತಾನೇ ಶಂಕಿಸುವರು? ಆದ್ದರಿಂದ ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ಕಟ್ಟದ ಮನೆಯಲ್ಲಿ ಎಲ್ಲರ ದೃಷ್ಟಿಯೂ ಸೊಸೆಯ ಮೇಲೆಯೇ ನೆಡುತ್ತದೆ. ನೆರೆಮನೆಯ ಕುಬಸಕ್ಕೆ ಆಕೆಯನ್ನು ಕರೆಯುವುದೋ ಬೇಡವೋ ಎಂದು ಹಿರಿಯರು ಅನುಮಾನಿಸುತ್ತಾರೆ. ಕರೆದರೂ ಉಡಿ ತುಂಬುವಾಗ ಆಕೆಯನ್ನು ಹಿಂದೆ ನಿಲ್ಲಿಸುತ್ತಾರೆ. ಇದನ್ನು ಕಂಡು ಉಂಡವರಿಗೆ ನಾವು ವಿವರಿಸಬೇಕಾಗಿಲ್ಲ.

ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಘಟ್ಟವಿಳಿದು ಮಂಗಳೂರಿನಲ್ಲಿ ನೆಲೆಸಿರುವ ನಮ್ಮ ಸಮಾಜದ ಮನೆತನಗಳು ಇಲ್ಲಿನ ನಡೆನುಡಿಗಳನ್ನೂ ಅಷ್ಟಿಷ್ಟು ಮೈಗೂಡಿಸಿಕೊಂಡಿವೆ. ಸಂತಾನವಾಗದಿದ್ದಲ್ಲಿ ಇಲ್ಲಿಯವರು ನಾಗದೋಷವೆಂದು ಕುಡುಪುವಿಗೋ ಸುಬ್ರಹ್ಮಣ್ಯಕ್ಕೋ ಹೋಗಿ ಆಶ್ಲೇಷಾಬಲಿ ಮಾಡಿಸುವರು. ನಮ್ಮವರೂ ಹೋಗುವರು. ಭಕ್ತಿಯಿಂದ ಮಾಡುವುದನ್ನು ಹಳಿಯಲು ನಾವು ಈ ಲೇಖನವನ್ನು ಬರೆಯುತ್ತಿಲ್ಲ. ಆದರೆ ನಮ್ಮಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದ ಬಂದವರು. ಬಿತ್ತುವ ಮೊದಲು ನೂರು ಕಾಳುಗಳನ್ನು ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುವುದು ರೈತನ ಪದ್ಧತಿ. ಬೀಜ ಮೊಳೆಯದೆ ಹೋದಾಗ ಅವನು ಹೊಲವನ್ನು ಬಯ್ಯುವುದಿಲ್ಲ. ಹೊಲದ ವಿಷಯದಲ್ಲಿ ಇರುವ ಈ ವಿವೇಕವು ಮನೆಯ ವಿಷಯದಲ್ಲಿ ಏಕೆ ಮರೆಯಾಗುವುದೆಂಬುದೇ ನಮ್ಮ ಪ್ರಶ್ನೆ.

ಮಕ್ಕಳಾಗದ ದಂಪತಿಗಳ ಪೈಕಿ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವು ಒಂಟಿಯಾಗಿಯೋ ಸ್ತ್ರೀಯ ಕಡೆಯ ಕಾರಣದೊಡನೆ ಕೂಡಿಯೋ ಇರುವುದೆಂದು ವೈದ್ಯಶಾಸ್ತ್ರವು ಬಹುಕಾಲದಿಂದ ಹೇಳುತ್ತ ಬಂದಿದೆ. ಆ ಕಾರಣಗಳಲ್ಲಿ ಒಂದು ಭಾಗವು ಹುಟ್ಟಿನೊಂದಿಗೇ ಬಂದದ್ದು, ಅಂದರೆ ವಂಶವಾಹಿಗಳಲ್ಲಿ ಬರೆದಿಟ್ಟದ್ದು. ಇದನ್ನು ಅರಿತರೆ ದೂರುವ ಬಾಯಿಗಳು ಸ್ವಲ್ಪವಾದರೂ ಮುಚ್ಚಿಯಾವು ಎಂಬ ಆಸೆಯಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ಓದುಗರ ಮುಂದಿಡುತ್ತಿದ್ದೇವೆ.

ಎಪ್ಪತ್ತನಾಲ್ಕು ದಿನಗಳ ಕಾಯಕ

ವೃಷಣದೊಳಗೆ ನೂಲಿನಂತೆ ಸುರುಳಿ ಸುತ್ತಿಕೊಂಡ ಸೂಕ್ಷ್ಮ ನಾಳಗಳಿವೆ. ಅವುಗಳ ಒಳಗೋಡೆಗೆ ಅಂಟಿಕೊಂಡ ಮೂಲಕೋಶಗಳು ಹರೆಯ ಬಂದಂದಿನಿಂದ ಮುಪ್ಪಿನವರೆಗೂ ವಿಭಜನೆಗೊಳ್ಳುತ್ತಲೇ ಇರುತ್ತವೆ. ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲಿಯೂ 46 ವರ್ಣತಂತುಗಳಿದ್ದು, ವಂಶವಾಹಿಗಳು ಅವುಗಳ ಮೇಲೆ ಸರದ ಮಣಿಗಳಂತೆ ಪೋಣಿಸಿಕೊಂಡಿವೆ. ವೀರ್ಯಾಣುವಾಗಬೇಕಾದ ಕೋಶವು ಈ ತಂತುಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿ, ತುಂಡುಗಳನ್ನು ಅದಲುಬದಲು ಮಾಡಿ, ಕೊನೆಗೆ ಅರ್ಧಕ್ಕರ್ಧ ಹಂಚಿ 23ಕ್ಕೆ ಇಳಿಸಬೇಕು. ಅನಂತರ ದುಂಡಗಿನ ಆ ಕೋಶವು ತಲೆ, ಕತ್ತು, ಬಾಲಗಳನ್ನು ಪಡೆಯಬೇಕು. ಮನುಷ್ಯನಲ್ಲಿ ಇದಕ್ಕೆ ಹಿಡಿಯುವ ಕಾಲ ಸುಮಾರು 74 ದಿನಗಳು. ಹೆಗ್ಗಣಜಾತಿಯ ಪ್ರಯೋಗದ ಇಲಿಯಲ್ಲಿ 52 ದಿನಗಳು, ಚಿಕ್ಕ ಸುಂಡಿಲಿಯಲ್ಲಿ 35 ದಿನಗಳು.

ಈ ದಿನಗಣನೆಯನ್ನು ನಿರ್ಧರಿಸುವವರು ಯಾರು? 1998ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ಸೊಗಸಾದ ಉತ್ತರವನ್ನು ಕೊಟ್ಟಿತು. ದೊಡ್ಡ ಇಲಿಯ ಮೂಲಕೋಶಗಳನ್ನು ಸುಂಡಿಲಿಯ ವೃಷಣದಲ್ಲಿ ನೆಟ್ಟರು. ಪರರ ಮನೆಯಲ್ಲಿ, ಪರರ ಅನ್ನ ಉಂಡು ಬೆಳೆದರೂ ಆ ಕೋಶಗಳು ತಮ್ಮ ಜಾತಿಯ ನಡಿಗೆಯನ್ನು ಬಿಡದೆ ತಮ್ಮದೇ ನಿಧಾನಗತಿಯಲ್ಲಿ ಮುಂದುವರಿದವು. ಗಡಿಯಾರವು ಕೋಶದ ವಂಶವಾಹಿಗಳಲ್ಲಿದೆ, ಮನೆಯ ಗೋಡೆಯಲ್ಲಿಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಇನ್ನೊಂದು ಅಚ್ಚರಿಯನ್ನು ನಮ್ಮ ನಾಡಿನ ವಿಜ್ಞಾನಿಯೊಬ್ಬರು ಜೀವಮಾನವಿಡೀ ಅಭ್ಯಸಿಸಿದರು. ವೀರ್ಯಾಣುವಿನಲ್ಲಿರುವ ಡಿಎನ್‌ಎ ಎಳೆಯನ್ನು ಬಿಡಿಸಿ ಚಾಚಿದರೆ ಸುಮಾರು ಒಂದು ಮೀಟರ್ ಉದ್ದ. ಅದನ್ನು ತುಂಬಬೇಕಾದ ತಲೆಯೋ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು! ಸಾಮಾನ್ಯ ಕೋಶಗಳಲ್ಲಿ ಈ ಎಳೆಯು ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ವೀರ್ಯಾಣು ರೂಪುಗೊಳ್ಳುವಾಗ ಈ ಉಂಡೆಗಳನ್ನು ಕಿತ್ತು, ನಡುವೆ ತಾತ್ಕಾಲಿಕ ಪ್ರೋಟೀನುಗಳನ್ನು ತಂದು, ಕಡೆಗೆ ಪ್ರೋಟಮೀನ್ ಎಂಬವುಗಳಿಂದ ಬಿಗಿಯಾಗಿ ಕಟ್ಟಲಾಗುತ್ತದೆ. ಊರಿಗೆ ಹೊರಟವರು ಹಾಸಿಗೆಯನ್ನು ಸುತ್ತಿ, ಮೊಣಕಾಲೂರಿ ಒತ್ತಿ, ಹಗ್ಗ ಬಿಗಿಯುವಂತೆ. ಈ ಮಾರ್ಪಾಟಿನ ವಿವರಗಳನ್ನು ಇಲಿಗಳಲ್ಲಿ ಶೋಧಿಸಿದವರಲ್ಲಿ ಪ್ರಮುಖರು ಡಾ. ಎಂ.ಆರ್.ಎಸ್. ರಾವ್. 1948ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ದುಡಿದು, ಬಳಿಕ 2003ರಿಂದ 2013ರವರೆಗೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು. 2010ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದ ಅವರು 2023ರಲ್ಲಿ ಕಾಲವಶರಾದರು. ಸಿನಿಮಾ ನಟರ ವಿಷಯದಲ್ಲಿ ಇಷ್ಟೆಲ್ಲ ತಿಳಿದಿರುವ ನಮ್ಮ ತರುಣರಿಗೆ ಇಂಥವರ ಹೆಸರು ಅಪರಿಚಿತವಾಗಿರುವುದು ಖೇದದ ಸಂಗತಿ.

ಇಷ್ಟು ಹಂತಗಳಿರುವ ಕೆಲಸಕ್ಕೆ ಬೇಕಾಗುವ ವಂಶವಾಹಿಗಳು ಎರಡು ಸಾವಿರಕ್ಕೂ ಮಿಕ್ಕಿವೆ ಎಂಬುದು ತಜ್ಞರ ಅಂದಾಜು. ಇವುಗಳಲ್ಲಿ ಹಲವು ಎಷ್ಟು ಅನಿವಾರ್ಯವೆಂದರೆ ಅವುಗಳಲ್ಲೊಂದು ಕೆಟ್ಟರೂ ಸಾಲು ಅಲ್ಲಿಗೇ ನಿಲ್ಲುತ್ತದೆ. ಕೆಟ್ಟಿರುವುದು ಮಾತ್ರ ಹೊರಗೆ ಕಾಣುವುದಿಲ್ಲ. ಅಂಥವನು ಮೈಕಟ್ಟಿನಲ್ಲಿ, ದನಿಯಲ್ಲಿ, ಮೀಸೆಯಲ್ಲಿ, ದಾಂಪತ್ಯದಲ್ಲಿ ಯಾರಿಗೂ ಕಡಮೆಯಾಗಿರಬೇಕಿಲ್ಲ.

ಗಂಡಸುತನ ಬೇರೆ, ಫಲವಂತಿಕೆ ಬೇರೆ

ನಮ್ಮ ಪುರುಷರು ಪರೀಕ್ಷೆಗೆ ಹಿಂಜರಿಯುವುದು ಈ ಎರಡನ್ನೂ ಒಂದೆಂದು ತಿಳಿದಿರುವುದರಿಂದ. ಅವು ಒಂದಲ್ಲವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಗರ್ಭದಲ್ಲಿ ಶಿಶುವನ್ನು ಗಂಡಾಗಿಸುವ ಆದೇಶವು ವೈ ವರ್ಣತಂತುವಿನ ಮೇಲಿನ ಒಂದೇ ವಂಶವಾಹಿಯಿಂದ ಹೊರಡುತ್ತದೆ. ಎಸ್‌ಆರ್‌ವೈ ಎಂಬ ಇದನ್ನು 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಗುರುತಿಸಿದರು. ಮರುವರ್ಷ ಅವರು ಹೆಣ್ಣಾಗಬೇಕಿದ್ದ ಸುಂಡಿಲಿಯ ಭ್ರೂಣಕ್ಕೆ ಈ ಒಂದು ವಂಶವಾಹಿಯನ್ನು ಸೇರಿಸಿದಾಗ ಹುಟ್ಟಿದ್ದು ಗಂಡು. ನೋಡಲು ಗಂಡು, ನಡತೆಯಲ್ಲಿಯೂ ಗಂಡು. ಆದರೆ ಅದರ ವೃಷಣದಲ್ಲಿ ವೀರ್ಯಾಣುಗಳು ಉತ್ಪನ್ನವಾಗಲಿಲ್ಲ. ಗಂಡಾಗುವುದಕ್ಕೆ ಒಂದು ಆದೇಶ ಸಾಕು, ತಂದೆಯಾಗುವುದಕ್ಕೆ ಸಾಲದು ಎಂದು ಇದರಿಂದ ತಿಳಿಯಿತು.

ಎರಡನೆಯದು ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಗಳ ರಸ್ತೆಯಂಚಿನಲ್ಲಿ ಬಾಳೆಹಣ್ಣಿಗಾಗಿ ಕಾದಿರುವ ಸಾಮಾನ್ಯ ಕೋತಿಯ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್.ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಈ ಜಾತಿಯ ಗಂಡು ಕೋತಿಗಳಲ್ಲಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಸ್ರವಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಲಸಿಕೆಯ ಮೂಲಕ ನಿಷ್ಫಲಗೊಳಿಸಿ ನೋಡಿದರು. ವೀರ್ಯಾಣುಗಳ ಸಂಖ್ಯೆಯೂ ಗುಣವೂ ಕುಗ್ಗಿ ಆ ಕೋತಿಗಳು ಸಂತಾನಹೀನವಾದವು. ಆದರೆ ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟಿರೋನ್ ಕಿಂಚಿತ್ತೂ ಇಳಿಯಲಿಲ್ಲ. ಅವುಗಳ ಕೂಡಾಟದ ಉತ್ಸಾಹವೂ ತಗ್ಗಲಿಲ್ಲ. ಸ್ವಾರಸ್ಯವೆಂದರೆ, 1997ರಲ್ಲಿ ಅಮೆರಿಕದಲ್ಲಿ ಸುಂಡಿಲಿಗಳಿಂದ ಇದೇ ಹಾರ್ಮೋನಿನ ವಂಶವಾಹಿಯನ್ನು ಕಿತ್ತುಹಾಕಿದಾಗ, ವೀರ್ಯಾಣುಗಳು ಕಡಮೆಯಾದರೂ ಗಂಡಿಲಿಗಳು ಮರಿಗಳನ್ನು ಪಡೆದವು. ಸಸ್ತನಿಗಳೆಲ್ಲ ಒಂದೇ ಕುಲದವೆಂದು ಇಲಿಯ ಫಲಿತಾಂಶವನ್ನು ಕೋತಿಗೂ ಮನುಷ್ಯನಿಗೂ ಹಾಗೆಯೇ ಅನ್ವಯಿಸಲಾಗದು.

ವಂಶದ ಲೆಕ್ಕ

ವೈ ವರ್ಣತಂತುವು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾತ್ರವೇ ಇಳಿದು ಬರುವಂಥದು. ನಮ್ಮ ಬೆಡಗಿನ ಹಾಗೆ. ವಂಶೋದ್ಧಾರಕನೆಂದು ನಾವು ಯಾರನ್ನು ಕರೆಯುತ್ತೇವೆಯೋ ಅವನಲ್ಲಿ ಈ ತಂತು ಇರುತ್ತದೆ. ಆದರೆ ವಂಶವನ್ನು ಹೊರಬೇಕಾದ ಈ ತಂತುವೇ ಕೆಲವೊಮ್ಮೆ ಹರಿದಿರುತ್ತದೆ! 1976ರಲ್ಲಿ ಇಟಲಿಯ ಟಿಯೆಪೊಲೊ ಮತ್ತು ಝುಫಾರ್ಡಿ ಎಂಬ ವಿಜ್ಞಾನಿಗಳು ವೀರ್ಯಾಣುಗಳೇ ಇಲ್ಲದ ಆರು ಪುರುಷರಲ್ಲಿ ವೈ ತಂತುವಿನ ಉದ್ದತೋಳಿನ ತುದಿ ಕಾಣೆಯಾಗಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಮುಂದೆ ಈ ಭಾಗದಲ್ಲಿ ಎ, ಬಿ, ಸಿ ಎಂಬ ಮೂರು ಖಂಡಗಳನ್ನು ಗುರುತಿಸಿದರು. 1995ರಲ್ಲಿ ಅಮೆರಿಕದ ಡೇವಿಡ್ ಪೇಜ್ ಅವರ ತಂಡವು ಅಲ್ಲಿಯ ಒಂದು ವಂಶವಾಹಿಯನ್ನು ಬೆಳಕಿಗೆ ತಂದಿತು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಹಾಗೂ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೀರ್ಯಾಣುರಹಿತರಾದ 340 ಭಾರತೀಯ ಪುರುಷರ ಪೈಕಿ 29 ಮಂದಿಯಲ್ಲಿ ಇಂಥ ಲೋಪಗಳು ಕಂಡುಬಂದವು. ಬಹಳ ಸಲ ಈ ಲೋಪವು ತಂದೆಯಲ್ಲಿ ಇರುವುದೇ ಇಲ್ಲ. ಮಗನು ಗರ್ಭದಲ್ಲಿ ನೆಲೆಸುವ ಹೊತ್ತಿಗೆ ಹೊಸತಾಗಿ ಸಂಭವಿಸಿರುತ್ತದೆ. ‘ನಮ್ಮ ಮನೆತನದಲ್ಲಿ ಹಾಗೆಲ್ಲ ಇಲ್ಲ’ ಎಂಬ ಮಾವನವರ ಮಾತು ನಿಜವಾಗಿದ್ದರೂ ಮಗನ ಪರೀಕ್ಷೆಗೆ ಅದು ಉತ್ತರವಾಗದು.

ಇಷ್ಟೇ ಆಗಿದ್ದರೆ ವಂಶವೆಂಬುದು ಗಂಡುಕಡೆಯ ವ್ಯವಹಾರವೆಂದು ಒಪ್ಪಬಹುದಿತ್ತು. ಆದರೆ ನಾವಿರುವುದು ತುಳುನಾಡಿನಲ್ಲಿ. ಇಲ್ಲಿಯ ಅಳಿಯಸಂತಾನದ ಕುಟುಂಬಗಳಲ್ಲಿ ಮಗುವಿನ ‘ಬರಿ’ ಎಂದರೆ ತಾಯಿಯ ಬರಿ, ತಂದೆಯದಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಆಸ್ತಿಯ ಕ್ರಮ ಬದಲಾಗಿದ್ದರೂ ಬರಿಯ ಲೆಕ್ಕ ಉಳಿದಿದೆ. ಘಟ್ಟದ ಮೇಲಿನಿಂದ ಬಂದ ನಮ್ಮ ಹಿರಿಯರಿಗೆ ಇದು ಮೊದಮೊದಲು ವಿಚಿತ್ರವಾಗಿ ತೋರುವುದುಂಟು. ಪ್ರಕೃತಿಯ ಕಡತವನ್ನು ನೋಡಿದರೆ ಅಲ್ಲಿ ಎರಡು ಲೆಕ್ಕಗಳೂ ಇವೆ.

2001ರಲ್ಲಿ ಇದೇ ಡೇವಿಡ್ ಪೇಜ್ ಅವರ ಪ್ರಯೋಗಾಲಯದವರು ಸುಂಡಿಲಿಯ ವೀರ್ಯ ಮೂಲಕೋಶಗಳನ್ನು ಜಾಲಾಡಿ, ಗಂಡಿನ ಬೀಜಕೋಶಗಳಲ್ಲಿ ಮಾತ್ರ ಕೆಲಸ ಮಾಡುವ 25 ವಂಶವಾಹಿಗಳನ್ನು ಆಯ್ದರು. ಅವುಗಳಲ್ಲಿ ವೈ ತಂತುವಿನ ಮೇಲಿದ್ದವು ಮೂರು. ಎಕ್ಸ್ ತಂತುವಿನ ಮೇಲಿದ್ದವು ಹತ್ತು! ಗಂಡುಮಗನಿಗೆ ಎಕ್ಸ್ ತಂತು ಬರುವುದು ತಾಯಿಯಿಂದ ಮಾತ್ರವೆಂಬುದನ್ನು ಓದುಗರು ನೆನೆಯಬೇಕು. ಈ ಹತ್ತರಲ್ಲಿ ಒಂದಾದ ಟೆಕ್ಸ್-11 ಎಂಬ ವಂಶವಾಹಿ ಕೆಟ್ಟರೆ ಮನುಷ್ಯನಲ್ಲಿಯೂ ವೀರ್ಯಾಣು ರಚನೆ ನಡುದಾರಿಯಲ್ಲಿ ನಿಲ್ಲುವುದೆಂದು 2015ರಲ್ಲಿ ಸಿದ್ಧವಾಯಿತು. ಟೆಸ್ಟೋಸ್ಟಿರೋನಿನ ಆಜ್ಞೆಯನ್ನು ಕೋಶದೊಳಗೆ ಸ್ವೀಕರಿಸುವ ಪ್ರೋಟೀನಿನ ವಂಶವಾಹಿಯೂ ಎಕ್ಸ್ ಮೇಲೆಯೇ ಇದೆ. ಅಂದಮೇಲೆ ಪುರುಷನ ಫಲವಂತಿಕೆಯ ಒಂದು ಮುಖ್ಯ ಪಾಲು ಅವನ ತಾಯಿಯ ತವರಿನಿಂದ ಬಂದ ಬಳುವಳಿ. ಹಾಗೆಂದು ಸೊಸೆಯನ್ನು ಬಿಟ್ಟು ಅತ್ತೆಯನ್ನು ದೂರಲು ಯಾರೂ ಹೊರಡಬಾರದು. ತನ್ನಲ್ಲಿ ಅಂಥ ತಂತುವಿದೆಯೆಂದು ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡು ಎಕ್ಸ್‌ಗಳಿರುವ ಆಕೆಯಲ್ಲಿ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ಇನ್ನು ಕೆಲವು ಬಗೆಗಳು

ಕಪ್ಪು, ಕೇಸರಿ, ಬಿಳುಪು ಮೂರೂ ಬಣ್ಣವಿರುವ ಬೆಕ್ಕುಗಳು ಹೆಚ್ಚು ಕಡಮೆ ಎಲ್ಲವೂ ಹೆಣ್ಣು. ಅಪರೂಪಕ್ಕೆ ಗಂಡು ಹುಟ್ಟಿದರೆ ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಾಗಿರುತ್ತದೆ, ಮತ್ತು ಅದು ಮರಿ ಹಾಕಿಸಲಾರದು. ಮನುಷ್ಯರಲ್ಲಿಯೂ ಇದುಂಟು. 1942ರಲ್ಲಿ ಕ್ಲೈನ್‌ಫೆಲ್ಟರ್ ಎಂಬ ವೈದ್ಯರು ವರ್ಣಿಸಿದ ಈ ಸ್ಥಿತಿಗೆ ಹೆಚ್ಚುವರಿ ಎಕ್ಸ್ ತಂತುವೇ ಕಾರಣವೆಂದು 1959ರಲ್ಲಿ ತಿಳಿಯಿತು. ಸರಿಸುಮಾರು ಆರುನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ. ಹಲವರು ಓದಿ, ಉದ್ಯೋಗ ಹಿಡಿದು, ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ರಕ್ತಪರೀಕ್ಷೆಗೆ ಬಂದಾಗಲೇ ಇದನ್ನು ಅರಿಯುವರು. ಕೆಲವರಲ್ಲಿ ವೀರ್ಯಾಣುಗಳು ಯಥೇಚ್ಛವಾಗಿ ಉತ್ಪನ್ನವಾಗುತ್ತವೆ, ಆದರೆ ಹೊರಬರುವ ನಾಳವೇ ಹುಟ್ಟಿನಿಂದ ಇರುವುದಿಲ್ಲ. ಇದರ ಹಿಂದೆ ಅನೇಕ ಸಲ ಸಿಎಫ್‌ಟಿಆರ್ ಎಂಬ ವಂಶವಾಹಿಯ ದೋಷವಿರುತ್ತದೆ.

ಸೋದರಿಕೆಯ ಮದುವೆಯ ಬಗೆಗೆ ಒಂದು ಮಾತು ಹೇಳದಿರಲಾರೆವು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವುದು ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ವಾಡಿಕೆ. ತಂದೆತಾಯಿಗಳಿಬ್ಬರಲ್ಲಿಯೂ ಒಂದೊಂದು ಪ್ರತಿಯಾಗಿ ಅಡಗಿರುವ ಕೆಟ್ಟ ವಂಶವಾಹಿಯು ಅವರಿಗೆ ತೊಂದರೆ ಕೊಡದು. ಆದರೆ ರಕ್ತಸಂಬಂಧಿಗಳಾದ್ದರಿಂದ ಇಬ್ಬರಲ್ಲಿಯೂ ಒಂದೇ ಪ್ರತಿ ಇರುವ ಸಂಭವ ಹೆಚ್ಚು, ಮಗನಲ್ಲಿ ಅವೆರಡೂ ಒಂದುಗೂಡಿದರೆ ಲೋಪವು ಪ್ರಕಟವಾಗುತ್ತದೆ. ವೀರ್ಯಾಣುವಿನ ತಲೆಯು ದಪ್ಪವಾಗಿ ವಿಕಾರಗೊಳ್ಳುವ, ಬಾಲವು ಮೊಟಕಾಗುವ ಕೆಲವು ದೋಷಗಳ ವಂಶವಾಹಿಗಳನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದು ಇಂಥ ರಕ್ತಸಂಬಂಧದ ಮನೆತನಗಳಲ್ಲಿಯೇ. ಆಸ್ತಿ ಹೊರಗೆ ಹೋಗಬಾರದೆಂದು ಸಂಬಂಧ ಬೆಳೆಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಲೇಸು.

ಎಲ್ಲವೂ ವಂಶವಾಹಿಯದೇ ಆಟವಲ್ಲ. ವೃಷಣಕ್ಕೆ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಕಡಮೆ ಬಿಸಿ ಬೇಕು. ಅದಕ್ಕಾಗಿಯೇ ಅದು ಹೊರಗಿದೆ. ವೃಷಣದ ರಕ್ತನಾಳಗಳು ಉಬ್ಬುವುದು, ಹರೆಯದ ಮೇಲೆ ಬಂದ ಮಂಗನಬಾವು, ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ, ಮದ್ಯ, ಇವೆಲ್ಲವೂ ಹಾನಿಕರ. ಮೈಕಟ್ಟು ಬೆಳೆಸಲು ತರುಣರು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರೋನ್ ಸೂಜಿಮದ್ದು ವೀರ್ಯಾಣುಗಳ ಉತ್ಪಾದನೆಯನ್ನೇ ನಿಲ್ಲಿಸಬಲ್ಲುದು. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿಯು ತನ್ನ ಆಜ್ಞೆಯನ್ನು ಹಿಂತೆಗೆದುಕೊಳ್ಳುತ್ತದೆ. ಗಂಡಸಾಗಲು ಹೋಗಿ ತಂದೆತನವನ್ನು ಕಳೆದುಕೊಳ್ಳುವ ಈ ಹುಚ್ಚನ್ನು ಮನೆಯ ಹಿರಿಯರು ಗಮನಿಸಬೇಕು.

ಪರೀಕ್ಷೆ ಮತ್ತು ಅನಂತರ

ಹಂಪನಕಟ್ಟೆಗೆ ಸಮೀಪದ ಲೇಡಿಗೋಷನ್ ಆಸ್ಪತ್ರೆಯನ್ನು ಮಂಗಳೂರಿನಲ್ಲಿ ಅರಿಯದವರಿಲ್ಲ. ತಲೆಮಾರುಗಳಿಂದ ಹೆಂಗಸರ ಆಸ್ಪತ್ರೆಯೆಂದೇ ಅದು ಪ್ರಸಿದ್ಧ. ಗಂಡಸಿನ ಈ ನ್ಯೂನತೆಗೆ ಅಂಥ ಬಾಗಿಲೊಂದು ಊರಿನಲ್ಲಿ ಇಲ್ಲದಿರುವುದರಿಂದ ಎಲ್ಲಿ ಹೋಗಬೇಕೆಂದು ಅವನಿಗೆ ತಿಳಿಯದು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ ತಜ್ಞರು’ ಇಂಥ ದಿನ ಇಂಥ ವಸತಿಗೃಹದಲ್ಲಿ ಸಿಗುವರೆಂಬ ಬರಹವನ್ನು ಓದಿ ಅಲ್ಲಿಗೆ ಹೋಗುತ್ತಾನೆ, ಹಣ ಕಳೆದುಕೊಳ್ಳುತ್ತಾನೆ. ವಾಸ್ತವವಾಗಿ ನಗರದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವೀರ್ಯಪರೀಕ್ಷೆ ದೊರೆಯುತ್ತದೆ. ಹೆಂಡತಿಯ ಹೊಟ್ಟೆಯ ಸ್ಕ್ಯಾನ್, ನಾಳದ ಎಕ್ಸ್‌ರೇ, ಕೆಲವೊಮ್ಮೆ ಅರಿವಳಿಕೆ ಕೊಟ್ಟು ಮಾಡುವ ದರ್ಶಕಪರೀಕ್ಷೆ ಇವುಗಳಿಗೆ ಹೋಲಿಸಿದರೆ ಇದು ನೋವಿಲ್ಲದ, ಅಗ್ಗದ ಪರೀಕ್ಷೆ. ಹಾಗಿದ್ದೂ ಮೊದಲು ಹೆಂಡತಿಯನ್ನೇ ಮೇಜಿನ ಮೇಲೆ ಮಲಗಿಸುವುದು ನ್ಯಾಯವೇ?

ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿಯನ್ನು ಕೊಡಬೇಕು. ಒಂದು ಗಂಟೆಯೊಳಗೆ ಅದು ಪ್ರಯೋಗಾಲಯದಲ್ಲಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳಿರುವುದು ಕೆಳಗಿನ ಮಟ್ಟ. ಅದಕ್ಕಿಂತ ಕಡಮೆಯಿದ್ದವರಿಗೂ ಮಕ್ಕಳಾದದ್ದುಂಟು. ಹಿಂದೆ ಹೇಳಿದ ಕಾರಣದಿಂದ, ಇಂದು ಬಂದ ಜ್ವರದ ಪರಿಣಾಮವು ಎರಡು ಮೂರು ತಿಂಗಳವರೆಗೂ ತೋರಬಹುದು. ಆದ್ದರಿಂದ ಒಂದೇ ವರದಿಯನ್ನು ನೋಡಿ ಎದೆಗುಂದದೆ ಮತ್ತೊಮ್ಮೆ ಪರೀಕ್ಷಿಸಬೇಕು. ಮದುವೆಯಾಗಿ ಒಂದು ವರ್ಷ ಜೊತೆಗಿದ್ದೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ಒಟ್ಟಿಗೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ವೀರ್ಯಾಣುಗಳು ಇಲ್ಲವೇ ಇಲ್ಲವೆಂದೋ ತೀರ ವಿರಳವೆಂದೋ ಬಂದಾಗ ಹಾರ್ಮೋನು, ವರ್ಣತಂತು ಹಾಗೂ ವೈ ಲೋಪದ ಪರೀಕ್ಷೆಗಳನ್ನು ವೈದ್ಯರು ಸೂಚಿಸುವರು. ಇವಕ್ಕೆ ರಕ್ತ ಕೊಟ್ಟರೆ ಸಾಕು.

1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡದೊಳಗೆ ಸೇರಿಸಿ ಮಗುವನ್ನು ಪಡೆಯುವ ವಿಧಾನವನ್ನು ಯಶಸ್ವಿಯಾಗಿಸಿದರು. ವೈ ತಂತುವಿನ ಸಿ ಖಂಡ ಲೋಪವಾದವರಲ್ಲಿ ಸಹ ಅನೇಕರ ವೃಷಣದಿಂದ ಕೆಲವು ವೀರ್ಯಾಣುಗಳನ್ನು ಹೊರತೆಗೆಯುವುದು ಸಾಧ್ಯ. ಎ ಖಂಡವು ಪೂರ್ತಿ ಲೋಪವಾದವರಲ್ಲಿ ಹುಡುಕುವುದು ವ್ಯರ್ಥ. ಇಲ್ಲಿಯೇ ಕಠಿನವಾದ ಪ್ರಶ್ನೆಯೊಂದು ಏಳುತ್ತದೆ. ಹೀಗೆ ಹುಟ್ಟುವ ಮಗನು ತಂದೆಯ ಹರಿದ ತಂತುವನ್ನೇ ಪಡೆಯುತ್ತಾನೆ. ಮುಂದೊಂದು ದಿನ ಇದೇ ಆಸ್ಪತ್ರೆಯ ಮೆಟ್ಟಿಲನ್ನು ಅವನೂ ಹತ್ತಬೇಕಾಗುತ್ತದೆ. ಮಗಳಾದರೆ ಅವಳಿಗೆ ವೈ ಬಾರದ್ದರಿಂದ ಆ ಚಿಂತೆಯಿಲ್ಲ. ಸಿಎಫ್‌ಟಿಆರ್ ದೋಷವಿದ್ದವರಾದರೆ ಹೆಂಡತಿಯ ರಕ್ತವನ್ನೂ ಪರೀಕ್ಷಿಸಬೇಕು. ಇಬ್ಬರಲ್ಲಿಯೂ ಇದ್ದರೆ ಮಗುವಿಗೆ ಶ್ವಾಸಕೋಶದ ಕಠಿನ ಕಾಯಿಲೆ ಬರಬಹುದು. ಇದನ್ನೆಲ್ಲ ತಿಳಿಸಿ ಹೇಳದೆ ಚಿಕಿತ್ಸೆಗೆ ಆತುರಪಡಿಸುವ ಕಡೆ ನಮ್ಮವರು ಸಹಿ ಹಾಕಬಾರದು. ಖರ್ಚೂ ದೊಡ್ಡದು, ಹೊಲ ಅಡವಿಟ್ಟು ಮಾಡಿಸಿಕೊಂಡು ವಿಫಲರಾದವರೂ ಇದ್ದಾರೆ.

ಬೇಡವೆಂದು ತೀರ್ಮಾನಿಸಿದವರಿಗೆ ದತ್ತಕದ ದಾರಿಯಿದೆ. ಮಗನಿಲ್ಲದವನಿಗೆ ಸದ್ಗತಿಯಿಲ್ಲವೆಂಬ ಮಾತು ಶರಣರ ಮಾರ್ಗದ್ದಲ್ಲ. ಲಿಂಗೈಕ್ಯಕ್ಕೆ ಪಿಂಡದ ಹಂಗಿಲ್ಲ. ದೀಕ್ಷೆ ಪಡೆದವನು ಗುರುಕರಜಾತ. ಯಾರ ಒಡಲಿನಿಂದ ಬಂದವನೆಂದು ಕೊರಳಿನ ಲಿಂಗವು ಕೇಳುವುದಿಲ್ಲ. ಈ ಮಂಗಳೂರು ಸೀಮೆಯೂ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಸೋಮಶೇಖರ ನಾಯಕನ ಬಳಿಕ ರಾಜ್ಯವಾಳಿದ ರಾಣಿ ಚೆನ್ನಮ್ಮಾಜಿಗೆ ಮಕ್ಕಳಿರಲಿಲ್ಲ. ಆಕೆ ದತ್ತು ತೆಗೆದುಕೊಂಡ ಬಸಪ್ಪ ನಾಯಕನೇ 1697ರಲ್ಲಿ ಪಟ್ಟಕ್ಕೆ ಬಂದು, ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ಮಹಾವಿಶ್ವಕೋಶವನ್ನು ರಚಿಸಿದವನು. ಕಿತ್ತೂರಿನಲ್ಲಿ 1824ರಲ್ಲಿ ಕಂಪನಿ ಸರಕಾರದೊಡನೆ ಯುದ್ಧ ನಡೆದದ್ದೂ ದತ್ತುಮಗನ ಹಕ್ಕಿಗಾಗಿಯೇ.

ಇಂದು ಯುದ್ಧ ಮಾಡಬೇಕಾಗಿಲ್ಲ. ಆದರೆ ದಲ್ಲಾಳಿಗಳ ಮೂಲಕವೋ ಪರಿಚಯದ ದಾದಿಯ ಮೂಲಕವೋ ಕೈಯಿಂದ ಕೈಗೆ ಮಗುವನ್ನು ಪಡೆಯುವುದು ಅಪರಾಧ. ಅನಾಥ ಮಗುವನ್ನು ಪಡೆಯಲಿಚ್ಛಿಸುವವರು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯಬೇಕು. ದಂಪತಿಗಳಿಬ್ಬರ ಒಪ್ಪಿಗೆಯೂ ಇರಬೇಕು. ಬಂಧುಗಳ ಮಗುವನ್ನು ಶಾಸ್ತ್ರೋಕ್ತವಾಗಿ ದತ್ತು ಪಡೆಯುವವರಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಅನ್ವಯಿಸುತ್ತದೆ. ವೀರಶೈವರು, ಲಿಂಗಾಯತರು ಎಂದು ಅದರ ಎರಡನೆಯ ಪ್ರಕರಣದಲ್ಲಿಯೇ ನಮ್ಮ ಹೆಸರನ್ನು ಸ್ಪಷ್ಟವಾಗಿ ನಮೂದಿಸಲಾಗಿದೆ. ದತ್ತಹೋಮವು ಕಡ್ಡಾಯವಲ್ಲವೆಂದು ಹನ್ನೊಂದನೆಯ ಪ್ರಕರಣವು ಹೇಳುತ್ತದೆ. ಮಗುವನ್ನು ಕೊಡುವ ಮತ್ತು ಸ್ವೀಕರಿಸುವ ಕ್ರಿಯೆ ನಡೆದಿರಬೇಕು. ಆ ಕುರಿತು ಪತ್ರವನ್ನು ಬರೆಯಿಸಿ ನೋಂದಣಿ ಮಾಡಿಸಿಕೊಂಡರೆ ಮುಂದೆ ಆಸ್ತಿಯ ವಿಷಯದಲ್ಲಿ ದಾಯಾದಿಗಳ ತಕರಾರಿಗೆ ಎಡೆ ಕಡಮೆ.